ಅಂಜಲಿಗೊಂದು ಗಾಡಿ

ಕನಕಗಿರಿಯ ಗೋವಿಂದರಾಜ ಆ ಭಾನುವಾರ ಊಟಕ್ಕೆ ಕೂತವನು ರೊಟ್ಟಿ ಮುರಿಯುವ ಮೊದಲೇ ಸುದ್ದಿ ತೆಗೆದ. ಬಳ್ಳಾರಿಯಲ್ಲೊಬ್ಬರ ಹತ್ತಿರ ಇನ್ನೂರೈವತ್ತು ಸಿಸಿಯ ಫೋರ್ ಸ್ಟ್ರೋಕ್ ಬೈಕು ಮಾರಾಟಕ್ಕಿದೆ, ಮಣ್ಣಿನ ದಿಬ್ಬಗಳ ಮೇಲೆ ರೇಸು ಓಡಿಸುವ ಅಸಲಿ ಮೋಟೊಕ್ರಾಸ್ ಗಾಡಿ, ಹೊರದೇಶದ್ದು, ಮಗಳಿಗೆ ಅದನ್ನೇ ತರುತ್ತೇನೆ ಎಂದ.

ಹೆಂಡತಿ ಲಲಿತಾ ಪುಂಡಿಪಲ್ಯ ಬಡಿಸುತ್ತಿದ್ದಳು. ಗಂಡನ ತಟ್ಟೆಗೆ ಪಲ್ಯ ಹಾಕಿ ಮಗಳ ತಟ್ಟೆಯ ಕಡೆ ಸರಿದಳು. ಗೋಡೆಗೆ ಒರಗಿ ಕೂತಿದ್ದ ಅತ್ತೆ ಯಂಕವ್ವ, ಈಗಿರುವ ಗಾಡಿ ಓಡುತ್ತದಲ್ಲ, ಅದಕ್ಕೇನಾಯಿತು ಎಂದು ಕೇಳಿದಳು. ಗೋವಿಂದರಾಜ ತಾಯಿಗೆ ಬಿಡಿಸಿ ಹೇಳಿದ. ಅಂಜಲಿಗೆ ಹದಿನಾರು ತುಂಬಿತು, ಇನ್ನು ರೇಸಿನ ಸಣ್ಣ ಮಕ್ಕಳ ವಿಭಾಗದಲ್ಲಿ ಓಡಿಸಲು ಬಿಡುವುದಿಲ್ಲ. ಈಗಿನದು ಟೂ ಸ್ಟ್ರೋಕ್ ಗಾಡಿ; ಹಗುರ, ಕೀರಲು ದನಿ, ಕೈ ತಿರುವಿದರೆ ಕರುವಿನ ಹಾಗೆ ನೆಗೆಯುತ್ತದೆ. ಮುಂದಿನ ವಿಭಾಗದಲ್ಲಿ ಎಲ್ಲ ಫೋರ್ ಸ್ಟ್ರೋಕ್ ಗಾಡಿಗಳೇ. ಭಾರವಾದವು, ಗುಡುಗಿದ ಹಾಗೆ ಸಪ್ಪಳ, ಬುಡದಿಂದಲೇ ಎಳೆತ. ಎಂಜಿನ್ ಇನ್ನೂರೈವತ್ತರ ಒಳಗಿರಬೇಕು ಅನ್ನುವುದೊಂದೇ ಕಟ್ಟಳೆ. ಇನ್ನೂರೈವತ್ತರವರೆಗೆ ಬಿಡುತ್ತಾರೆಂದ ಮೇಲೆ ಕಡಿಮೆಯದನ್ನು ಯಾಕೆ ತರಬೇಕು?

ಅಂಜಲಿ ತಟ್ಟೆ ನೋಡುತ್ತ ನಕ್ಕಳು. ಅವಳು ನಕ್ಕಿದ್ದನ್ನು ಕಂಡು ಲಲಿತಾ ಪಲ್ಯದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮಗಳಿಗೆ ಈ ಹುಚ್ಚು ಹತ್ತಿದ್ದು ಗೋವಿಂದರಾಜನಿಂದಲೇ. ಪಂಪ್‌ಸೆಟ್ ರಿಪೇರಿ ಅಂಗಡಿ ಅವನದು. ಮೂರು ವರ್ಷದ ಹಿಂದೆ ಯಾರೋ ಬಿಟ್ಟುಹೋಗಿದ್ದ ಮುರುಕು ಸಣ್ಣ ಬೈಕೊಂದನ್ನು ರಿಪೇರಿ ಮಾಡಿ, ಅಂಗಡಿಯ ಹಿಂದಿನ ಬಯಲಲ್ಲಿ ಮಗಳ ಕೈಗೆ ಕೊಟ್ಟಿದ್ದ. ಮುಂದೆ ಗಂಗಾವತಿಯ ಗ್ಯಾರೇಜಿನ ಹಾಲೇಶ ಅವಳನ್ನು ನೋಡಿ, ಇವಳನ್ನು ನನಗೆ ಬಿಡಿ, ಕಲಿಸುತ್ತೇನೆ ಎಂದ. ಹಾಲೇಶ ಹಿಂದೆ ತಾನೇ ಮಣ್ಣಿನ ರೇಸುಗಳಲ್ಲಿ ಓಡಿಸಿದವನು. ಅಂಜಲಿ ಸಿಂಧನೂರಿನಲ್ಲಿ ಗೆದ್ದಳು, ಹೊಸಪೇಟೆಯಲ್ಲಿ ಗೆದ್ದಳು. ಎರಡು ಕಪ್ಪುಗಳು ಟಿವಿಯ ಮೇಲೆ ಬಂದು ಕೂತವು. ಯಂಕವ್ವ ಅವನ್ನು ದಿನಾ ಸೆರಗಿನಿಂದ ಒರೆಸುತ್ತಿದ್ದಳು.

ಲಲಿತಾ ಒಂದು ರೇಸಿಗೂ ಹೋಗಿರಲಿಲ್ಲ. ಅವಳು ಗಂಗಾವತಿಯ ಆಸ್ಪತ್ರೆಯಲ್ಲಿ ನರ್ಸ್. ಗಾಯಾಳುಗಳ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಿಗೆ ಬೈಕು ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳ ರೇಸಿದ್ದ ದಿನ ಬೇಕೆಂದೇ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದಳು. ಅಂಥ ದಿನ ಬಾಗಿಲಲ್ಲಿ ಸ್ಟ್ರೆಚರ್ ಬಂದರೆ ಮೊದಲು ಅದರ ಮೇಲಿದ್ದವರ ಕಾಲು ನೋಡುತ್ತಿದ್ದಳು. ಬೂಟು ಮಗಳದಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಖ ನೋಡುವುದು.

ಎರಡು ದಿನ ಬಿಟ್ಟು ಗಾಡಿ ಬಂತು. ಹದಿನೈದು ದಿನ ಓಡಿಸಿ ನೋಡಿ, ಒಪ್ಪಿದರೆ ಪೂರ್ತಿ ಹಣ ಎಂದು ಮಾತಾಗಿತ್ತು. ಗೋವಿಂದರಾಜ ಮುಂಗಡ ಕೊಟ್ಟಿದ್ದ. ಸಾಮಾನು ಸಾಗಿಸುವ ಟಂಟಂ ಗಾಡಿಯಿಂದ ಅದನ್ನು ಇಳಿಸಲು ನಾಲ್ಕು ಜನ ಬೇಕಾದರು. ಅಂಗಳ ತುಂಬಿಕೊಂಡು ನಿಂತ ಅದನ್ನು ಓಣಿಯ ಜನ ಬಂದು ಬಂದು ನೋಡಿದರು. ಮುಂದಿನ ಮನೆಯ ಹುಸೇನಬೀ ಮೊಮ್ಮಕ್ಕಳನ್ನು ಕರೆತಂದು ತೋರಿಸಿದಳು. ಯಂಕವ್ವ ಚಕ್ರಕ್ಕೆ ಕುಂಕುಮ ಹಚ್ಚಿ, ಒಂದು ಸುತ್ತು ಹಾಕಿ, "ಗಾಡಿ ಅಲ್ಲ ಇದು, ಕೋಣ" ಎಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಕೋಣವೆಂದೇ ಹೆಸರಾಯಿತು.

ಅಂಜಲಿ ಏರಿ ಕೂತಳು. ಒಂದು ಕಡೆ ವಾಲಿದರೆ ಮಾತ್ರ ಒಂದು ಕಾಲಿನ ತುದಿಬೆರಳು ನೆಲಕ್ಕೆ ತಾಗುತ್ತಿತ್ತು. ಲಲಿತಾ ಅದನ್ನು ತೋರಿಸಿದಾಗ ಗೋವಿಂದರಾಜ, ಬೆಳೆಯುವ ಹುಡುಗಿ, ವರ್ಷದೊಳಗೆ ಕಾಲು ಊರುತ್ತಾಳೆ, ಈಗಲೇ ಅಳತೆಯದು ತಂದರೆ ಮುಂದಿನ ವರ್ಷ ಮತ್ತೊಂದು ತರಬೇಕಾಗುತ್ತದೆ ಎಂದ. ಶಾಲೆಯ ಬೂಟು ಕೊಳ್ಳುವಾಗಲೂ ಅವನ ಲೆಕ್ಕ ಇದೇ ಆಗಿತ್ತು.

ಮುಂದಿನ ರೇಸು ಕೊಪ್ಪಳದಲ್ಲಿ, ಅದಕ್ಕೆ ಎರಡು ತಿಂಗಳಿತ್ತು. ಅಂಜಲಿ ಕಾಲೇಜು ಮುಗಿಸಿಕೊಂಡು ಹೇಮಗುಡ್ಡದ ಕೆಳಗಿನ ಬಯಲಿಗೆ ಹೋಗುತ್ತಿದ್ದಳು. ಹಾಲೇಶ ಅಲ್ಲಿ ಮಣ್ಣು ಪೇರಿಸಿ ದಿಬ್ಬ ಮಾಡಿಸಿದ್ದ, ತಿರುವು ಕಡಿಸಿದ್ದ. ಮೊದಲ ದಿನ ಬಂದವಳು ಬಾಯಿ ತುಂಬ ಮಾತಾಡಿದಳು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ನೇ ಬ್ರೇಕು ಹಾಕಿದ ಹಾಗೆ ಹಿಡಿಯುತ್ತದೆ, ಟೂ ಸ್ಟ್ರೋಕಿನ ರೂಢಿ ಪೂರ್ತಿ ಮರೆಯಬೇಕು ಅಂದಳು. ಎರಡನೇ ವಾರಕ್ಕೆ ಮಾತು ಕಡಿಮೆಯಾಯಿತು. ಬೆಳಗ್ಗೆ ಎಬ್ಬಿಸಿದರೆ ಹೊಟ್ಟೆನೋವು ಅನ್ನುವಳು. ಒಂದು ರೊಟ್ಟಿ ತಿಂದು ಏಳುವಳು. ಯಂಕವ್ವ ಕರೆದು ಬೆಣ್ಣೆ ಹಚ್ಚಿ ಕೊಟ್ಟರೆ ಅದನ್ನು ಒಯ್ದು ನಾಯಿಗೆ ಹಾಕಿಬಂದಳು.

ಗೋವಿಂದರಾಜನಿಗೆ ಇದು ಸೋಮಾರಿತನವಾಗಿ ಕಂಡಿತು. ಗಂಗಾವತಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ, ಇಂಥ ಗಾಡಿ ಈ ಸುತ್ತಮುತ್ತಿನಲ್ಲಿ ಯಾರ ಮಕ್ಕಳಿಗೂ ಇಲ್ಲ, ಇವಳು ನೋಡಿದರೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಊಟದ ಹೊತ್ತಿನಲ್ಲಿ ಕೂಗಾಡಿದ. ಯಂಕವ್ವ ಉಣ್ಣುವ ಮಕ್ಕಳ ಮುಂದೆ ಕೂಗಬೇಡ ಎಂದಳು. ಅವನು ಕೇಳಲಿಲ್ಲ. ಅಂಜಲಿ ಕೈ ತೊಳೆದು ಒಳಗೆ ಹೋದಳು.

ಅವತ್ತು ಸಂಜೆ ಬಚ್ಚಲ ಒಲೆಗೆ ಕಟ್ಟಿಗೆ ಹಾಕುತ್ತಿದ್ದ ಲಲಿತಾಳಿಗೆ, ಮಗಳು ನೀರಿನ ಕೊಡಪಾನವನ್ನು ಮೊಣಕೈಯಲ್ಲಿ ಅಪ್ಪಿಕೊಂಡು ಬರುತ್ತಿದ್ದುದು ಕಂಡಿತು. ಕೊಡಪಾನ ಇಳಿಸಿ, ಅವಳ ಎರಡೂ ಅಂಗೈ ತಿರುಗಿಸಿ ನೋಡಿದಳು. ಬೊಬ್ಬೆಗಳು ಒಡೆದು ಕೆಂಪಾಗಿದ್ದವು. ಮುಂಗೈ ಗಟ್ಟಿಯಾಗಿ ಬಾತಿತ್ತು. ಒಳಗಿನಿಂದ ಔಷಧದ ಡಬ್ಬಿ ತಂದು, ಒಲೆಯ ಬೆಳಕಿನಲ್ಲಿ ಕೂಡಿಸಿಕೊಂಡು ಒರೆಸತೊಡಗಿದಳು.

"ಅವ್ವಾ, ನಾ ಅದನ್ನ ಓಡಸಂಗಿಲ್ಲ. ಅದು ನನ್ನ ಎಳಕೊಂಡು ಹೋಗ್ತೈತಿ," ಅಂದಳು ಅಂಜಲಿ. "ಅಪ್ಪಗ ಹೇಳಬ್ಯಾಡ. ಭಾಳ ಮಂದಿಗೆ ಹೇಳ್ಕೊಂಡಾನ."

ಲಲಿತಾ ಮೂರು ವರ್ಷ ಕಾದ ಮಾತು ತಾನಾಗಿಯೇ ಬಂದಿತ್ತು. ಈಗ ಒಂದು ಸಲ, ಮೆತ್ತಗೆ ಕೇಳಿದರೆ ಸಾಕು.

"ಬಿಟ್ಟುಬಿಡ್ತೀಯೇನು ಹಂಗಾರ? ರೇಸು, ಎಲ್ಲಾನೂ?"

ಅಂಜಲಿ ಕೈ ಹಿಂದಕ್ಕೆ ಎಳೆದುಕೊಂಡಳು. ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ತಾಯಿಯ ಮುಖವನ್ನೇ ನೋಡಿದಳು. ಲಲಿತಾ ಮತ್ತೆ ಕೈ ಚಾಚಿ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಕಟ್ಟಿದಳು.

ಮೂರು ದಿನದ ಮೇಲೆ ಅರ್ಧ ದಿನ ರಜೆ ಹಾಕಿ, ಹೇಮಗುಡ್ಡದ ಹತ್ತಿರ ಬಸ್ಸಿನಿಂದ ಇಳಿದಳು. ಯಾರಿಗೂ ಹೇಳಿರಲಿಲ್ಲ. ಬಯಲಿನ ಅಂಚಿನ ಬೇವಿನ ಮರದ ಕೆಳಗೆ ಚೀಲ ಹಿಡಿದು ನಿಂತಳು. ಮಗಳು ಗಾಡಿ ಓಡಿಸುವುದನ್ನು ಅವಳು ನೋಡಿದ್ದು ಅದೇ ಮೊದಲು.

ಕೋಣ ದೂರದಿಂದ ಗುಡುಗುತ್ತ ಬಂತು. ಅದರ ಮೇಲೆ ಅಂಜಲಿ ಅಂಟಿಸಿದ ಹಾಗೆ ಕಾಣುತ್ತಿದ್ದಳು. ಅವಳ ತಲೆ ಕೆಳಗಿತ್ತು. ದಾರಿಯನ್ನು ನೋಡದೆ ಮುಂದಿನ ಚಕ್ರವನ್ನು ನೋಡುತ್ತಿದ್ದಳು. ಲಲಿತಾಳಿಗೆ ಆ ನೋಟ ಗೊತ್ತಿತ್ತು. ಆಸ್ಪತ್ರೆಗೆ ಹೊಸದಾಗಿ ಬಂದ ಹುಡುಗಿಯರು ಮೊದಲ ಸಲ ಸೂಜಿ ಚುಚ್ಚುವಾಗ ರೋಗಿಯನ್ನು ಬಿಟ್ಟು ಸೂಜಿಯನ್ನೇ ನೋಡುತ್ತಾರೆ. ದಿಬ್ಬ ಏರುವಲ್ಲಿ ಎಂಜಿನ್ ಬಂದ್ ಆಗಿ ಗಾಡಿ ವಾಲಿತು. ಅಂಜಲಿ ಪಕ್ಕಕ್ಕೆ ಹಾರಿಕೊಂಡಳು. ಲಲಿತಾ ಮರದ ಬೊಡ್ಡೆ ಹಿಡಿದಳು, ಆದರೆ ಓಡಲಿಲ್ಲ. ಮಗಳು ಎದ್ದು ಹ್ಯಾಂಡಲ್ ಹಿಡಿದು ಎಳೆದಳು, ಭುಜ ಕೊಟ್ಟು ನೂಕಿದಳು. ಗಾಡಿ ಅಲುಗಲಿಲ್ಲ. ಹಾಲೇಶ ಓಡಿ ಬಂದು ಎತ್ತಿಕೊಟ್ಟ. ಅಂಜಲಿ ಮತ್ತೆ ಹತ್ತಿದಳು, ಮತ್ತೆ ಅದೇ ದಿಬ್ಬಕ್ಕೆ ಹೋದಳು. ಅದು ಲಲಿತಾಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ತಾಗಿತು.

ಅವಳು ಬಯಲಿಗೆ ಇಳಿದಳು. ಹಾಲೇಶ ಗಾಬರಿಯಾಗಿ ಕೈ ಮುಗಿದ. ಇದಕ್ಕಿಂತ ಹಗುರಾದ ಫೋರ್ ಸ್ಟ್ರೋಕ್ ಇಲ್ಲಿ ಇದೆಯೇ ಎಂದು ಲಲಿತಾ ಕೇಳಿದಳು. ನಾನು ದಿನಾ ಓಡಾಡುವ ಸಾದಾ ಬೈಕೊಂದಿದೆ, ಮಣ್ಣಿನ ಟೈರು ಹಾಕಿಸಿದ್ದೇನೆ, ರೇಸಿಗೆ ಬರುವುದಲ್ಲ ಎಂದ. ಅದನ್ನು ಕೊಟ್ಟು ನೋಡಿ ಅಂದಳು.

ಅಂಜಲಿ ಅದನ್ನು ಏರಿದಳು. ಎರಡು ಕಾಲೂ ನೆಲಕ್ಕೆ ಊರಿದವು. ಮೊದಲ ಸುತ್ತು ನಿಧಾನ. ಎರಡನೆಯದರಲ್ಲಿ ಬೆನ್ನು ಸಡಿಲಾಯಿತು, ತಲೆ ಮೇಲಕ್ಕೆ ಬಂತು. ಮೂರನೆಯದರಲ್ಲಿ ದಿಬ್ಬದ ಮೇಲಿಂದ ಹಾರಿ, ಸೀಟು ಬಿಟ್ಟು ಕಾಲ ಮೇಲೆ ನಿಂತುಕೊಂಡೇ ಗಾಡಿ ಇಳಿಸಿ, ತಿರುವಿನಲ್ಲಿ ಧೂಳೆಬ್ಬಿಸಿ ಹೊರಳಿದಳು. ತಿರುವಿನಿಂದ ಹೊರಬರುವಾಗ ಏನೋ ಕೂಗಿದ್ದು ಕೇಳಿಸಿತು. ಹೆಲ್ಮೆಟ್ಟಿನೊಳಗೆ ಹಾಡುತ್ತಿದ್ದಳು. ಹೆತ್ತವಳಿಗೆ ಹದಿನಾರು ವರ್ಷದಲ್ಲಿ ಈ ಹುಡುಗಿಯ ಪರಿಚಯ ಆಗಿರಲಿಲ್ಲ.

"ಆ ಗಾಡಿ ಅಕಿಗೆ ದೊಡ್ಡದಂತ ಗೊತ್ತಿತ್ತಲ್ಲ ನಿಮಗ?" ಎಂದು ಹಾಲೇಶನನ್ನು ಕೇಳಿದಳು.

ಅವನು ನೆಲ ನೋಡಿದ. "ಗೊತ್ತಿತ್ರಿ ಅಕ್ಕಾರ. ಅಂಥಾ ಗಾಡಿ ನನ್ನ ಹುಡುಗೂರ ಕೈಯಾಗ ಇರಬೇಕಂತ ನಂಗೂ ಆಸೆ ಆತು."

ಹೊಸಪೇಟೆಯಲ್ಲಿ ನೂರೈವತ್ತು ಸಿಸಿಯದೊಂದು ಇದೆ, ಅದೂ ಅಸಲಿ ಮೋಟೊಕ್ರಾಸ್ ಗಾಡಿಯೇ, ಚಕ್ರ ಸ್ವಲ್ಪ ಸಣ್ಣವು, ಇದೇ ವಿಭಾಗದಲ್ಲಿ ನಡೆಯುತ್ತದೆ, ಎಳೆತ ಮಾತ್ರ ಕಡಿಮೆ ಎಂದು ಆಮೇಲೆ ಹೇಳಿದ. ನೇರ ಹಾದಿಯಲ್ಲಿ ದೊಡ್ಡ ಗಾಡಿಗಳು ಹಿಂದೆ ಹಾಕುತ್ತವೆ, ತಿರುವುಗಳಲ್ಲಿ ಇವಳು ಹಿಡಿಯಬೇಕು.

ಅಂದು ಗೋವಿಂದರಾಜ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಲಲಿತಾ ಬಾಗಿಲಲ್ಲೇ ಕೂತಿದ್ದಳು. ಕೈಕಾಲು ತೊಳೆಯಲು ನೀರು ಕೊಟ್ಟು, ಆ ಗಾಡಿ ವಾಪಸು ಕಳಿಸಬೇಕು ಅಂದಳು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ನಕ್ಕ. ಮೊದಲಿನಿಂದಲೂ ನಿನಗೆ ಬೇಡವಾಗಿತ್ತು, ಮಗಳು ಮನೆಯಲ್ಲಿ ಕೂತು ಪುಸ್ತಕ ಓದಬೇಕು ನಿನಗೆ, ಈಗ ಗಾಡಿಯ ನೆಪ ಸಿಕ್ಕಿದೆ ಎಂದ.

"ನಿಲ್ಲಸಬೇಕು ಅಂತಿದ್ರ ನಾ ಬಾಯಿ ತೆಗೀತಿರಲಿಲ್ರಿ," ಅಂದಳು ಲಲಿತಾ. "ಸುಮ್ಮನ ಕುಂತಿದ್ರ ಆತು, ಈ ಗಾಡೀನ ಅಕಿನ್ನ ನಿಲ್ಲಸ್ತಿತ್ತು. ನಾ ಇವತ್ತ ಹೋಗಿ ನೋಡೀನಿ. ಅಕಿ ಓಡಸಬೇಕು. ಇದರ ಮ್ಯಾಲ ಬ್ಯಾಡ."

ಅವನು ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡ. ಬಾಯಿಂದ ಬಂದದ್ದೆಲ್ಲ ಸಿಟ್ಟೇ. ಊರ ಮುಂದೆ ತಲೆ ತಗ್ಗಿಸಬೇಕೇನು, ನಾಳೆ ಜನ ಏನಂದಾರು, ಹಾಲೇಶನಿಗೆ ಇಲ್ಲದ ಚಿಂತೆ ನಿನಗೆ ಯಾಕೆ ಎಂದು ಒಂದರ ಮೇಲೊಂದು ಬಂತು. ಅವತ್ತು ಉಣ್ಣಲಿಲ್ಲ. ಮರುದಿನದಿಂದ ಹೆಂಡತಿಯ ಜೊತೆ ಮಾತು ಬಿಟ್ಟ. ಚಹಾ ಬೇಕಾದರೆ ತಾಯಿಗೆ ಹೇಳುವುದು. ಯಂಕವ್ವ ಅಡುಗೆಮನೆಗೆ ಒಯ್ದು ಹೇಳುವುದು. ಅಂಗಡಿಯ ಬೀಗದ ಕೈ ಎಲ್ಲಿದೆ ಎಂದು ಲಲಿತಾಳ ಎದುರಿಗೇ ನಿಂತು ತಾಯಿಯನ್ನು ಕೇಳುವನು. ಎರಡು ದಿನ ಯಂಕವ್ವ ಸಹಿಸಿದಳು. ಮೂರನೆಯ ದಿನ, ನನ್ನ ಮೊಣಕಾಲು ಹಿಡಿದಿವೆ, ನಿಮ್ಮಿಬ್ಬರ ನಡುವೆ ಓಡಾಡುವುದು ಆಗುವುದಿಲ್ಲ ಎಂದು ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟಳು. ಅವತ್ತು ಅವನಿಗೆ ಚಹಾ ಸಿಗಲಿಲ್ಲ.

ಅಂಜಲಿ ತಾಯಿಯ ಹಿಂದೆ ಹಿಂದೆ ಸುತ್ತಿದಳು. ನೀನೇ ಅಪ್ಪನಿಗೆ ಒಪ್ಪಿಸು, ನನ್ನ ಹೆಸರು ತೆಗೆಯಬೇಡ ಎಂದಳು. ಲಲಿತಾ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಮುಖ ಎತ್ತಲಿಲ್ಲ.

"ನಾ ಹೇಳೂದು ಹೇಳೀನಿ. ಓಡಸಾಕಿ ನೀನು. ಇನ್ನು ನೀನ ಹೇಳಬೇಕು."

ಆ ಭಾನುವಾರ ಬೆಳಗ್ಗೆ ಲಲಿತಾ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿದ್ದಳು. ಗೋವಿಂದರಾಜನಿಗೆ ಪ್ರೀತಿಯದು, ಸಿಟ್ಟಿದ್ದರೂ ಬಂದು ಕೂತ. ಅಂಜಲಿ ಅವನ ಎದುರಿಗೆ ಕೂತು ತಟ್ಟೆ ಮುಟ್ಟದೆ, ಒಂದೇ ಉಸಿರಿಗೆ ಹೇಳಿದಳು. ಗಾಡಿ ತನಗೆ ಎತ್ತಲು ಆಗುವುದಿಲ್ಲ, ನಿಲ್ಲಿಸಿದರೆ ಕಾಲು ಊರುವುದಿಲ್ಲ, ತಿರುವಿನಲ್ಲಿ ಯಾವಾಗ ಜಾರೀತು ಎಂದು ಅದನ್ನೇ ಯೋಚಿಸುತ್ತ ಹೋಗುತ್ತೇನೆ.

ಗೋವಿಂದರಾಜ ಮಿರ್ಚಿ ಕೆಳಗಿಟ್ಟ. "ಅಂಜಿಕಿ ಆಕ್ಕೈತೇನು ನಿನಗ?"

"ಹೂನಪ್ಪ. ಅದರ ಮ್ಯಾಲ ಆಕ್ಕೈತಿ. ರೇಸಿನ ಅಂಜಿಕಿ ಇಲ್ಲ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ನಿನಗ ಭಾಳ ಖುಷಿ ಆಗಿತ್ತು."

ಅವನು ಎದ್ದು ಅಂಗಳಕ್ಕೆ ಹೋದ. ಒಳಗೆ ಯಾರೂ ಉಣ್ಣಲಿಲ್ಲ. ಕಿಟಕಿಯಿಂದ ಲಲಿತಾಳಿಗೆ ಅವನ ಬೆನ್ನು ಕಾಣುತ್ತಿತ್ತು. ಹಳೆಯ ಬಟ್ಟೆಯಿಂದ ಕೋಣದ ಟ್ಯಾಂಕು ಒರೆಸಿದ, ಕಡ್ಡಿಯಿಂದ ಚಕ್ರದ ಮಣ್ಣು ಕೆದರಿದ. ಆಮೇಲೆ ಏರಿ ಕೂತ. ಅವನ ಕಾಲು ಚೆನ್ನಾಗಿಯೇ ನೆಲಕ್ಕೆ ಊರಿದವು. ಯಂಕವ್ವ ಕಟ್ಟೆಯ ಮೇಲಿಂದ ನೋಡುತ್ತಿದ್ದವಳು ಹೇಳಿದಳು: "ಇದು ನಿನಗ ಬೇಕಾಗಿತ್ತು. ಅಕಿಗಲ್ಲ."

"ಹೂನವ್ವ," ಅಂದ ಗೋವಿಂದರಾಜ. "ನನಗ ಬೇಕಾಗಿತ್ತು."

ಅದನ್ನು ಅವನು ಸಣ್ಣ ದನಿಯಲ್ಲಿ ಹೇಳಿದ. ಲಲಿತಾಳ ಸಿಟ್ಟು ಅಲ್ಲಿಗೆ ಇಳಿಯಿತು. ತಟ್ಟೆಯಲ್ಲಿ ಬಿಸಿ ಮಿರ್ಚಿ ಹಾಕಿಕೊಂಡು ಹೋಗಿ ಅವನ ಕೈಗೆ ಕೊಟ್ಟಳು. ಅವನು ಗಾಡಿಯ ಮೇಲೆ ಕೂತೇ ತಿಂದ.

ಮರುವಾರ ಕೋಣ ಬಳ್ಳಾರಿಗೆ ಹೋಯಿತು. ಹದಿನೈದು ದಿನ ಮೀರಿದ್ದಕ್ಕೆ ಮುಂಗಡದಲ್ಲಿ ಒಂದಿಷ್ಟು ಮುಳುಗಿತು. ಗೋವಿಂದರಾಜ ಅದರ ಮಾತು ಎತ್ತಲಿಲ್ಲ. ಅಂಗಡಿಯ ಮುಂದೆ ಯಾರಾದರೂ ಕೇಳಿದರೆ, ಮಗಳಿಗೆ ಒಗ್ಗಲಿಲ್ಲ, ಕಳಿಸಿದೆ ಎಂದು ಹೇಳಲು ಕಲಿತ. ಒಂದಿಬ್ಬರು ನಕ್ಕರು. ಮೂರನೆಯವರು ಕೇಳಲೇ ಇಲ್ಲ.

ಹೊಸಪೇಟೆಗೆ ತಂದೆ, ತಾಯಿ, ಮಗಳು ಮೂವರೂ ಹಾಲೇಶನ ಜೊತೆ ಹೋದರು. ಗಾಡಿ ಇದ್ದದ್ದು ಶಾಹಜಾದಬಿ ಎಂಬಾಕೆಯ ಮನೆಯಲ್ಲಿ. ಅವಳ ಮಗಳೂ ರೇಸಿನವಳು. ಎರಡು ವರ್ಷ ಈ ನೂರೈವತ್ತರ ಮೇಲೆ ಪಳಗಿ, ಈಗ ದೊಡ್ಡದಕ್ಕೆ ಹೋಗಿದ್ದಳು. ಹಿತ್ತಲಿನ ತಗಡಿನ ಕೆಳಗೆ ಗಾಡಿ ನಿಂತಿತ್ತು, ಬಣ್ಣ ಮಾಸಿತ್ತು, ಸೀಟಿನ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಗೋವಿಂದರಾಜನ ಮುಖ ಸಪ್ಪೆಯಾಯಿತು. ಆದರೆ ಎಂಜಿನ್ ಶುರು ಮಾಡಿದ ಕೂಡಲೇ ಕಿವಿ ನೆಟ್ಟಗಾಯಿತು. ಬಗ್ಗಿ ಕೂತು ಕೇಳಿಸಿಕೊಂಡು, ವಾಲ್ವಿನ ಸಪ್ಪಳ ಹೆಚ್ಚಿದೆ, ಸೆಟ್ಟಿಂಗ್ ಮಾಡಬೇಕು, ಅದು ತನ್ನ ಕೈಯ ಕೆಲಸ ಎಂದ. ಫೋರ್ ಸ್ಟ್ರೋಕಿಗೆ ಆಯಿಲ್ ಮೇಲಿಂದ ಮೇಲೆ ಬದಲಿಸಬೇಕು, ವಾಲ್ವು ನೋಡುತ್ತಲೇ ಇರಬೇಕು, ಬಿಟ್ಟರೆ ಎಂಜಿನ್ ಪೂರ್ತಿ ಹೋಗುತ್ತದೆ ಎಂದು ಹಾಲೇಶ ಅಂದರೆ, ಅದನ್ನೆಲ್ಲ ನನಗೆ ಬಿಡು ಎಂದು ತೋಳು ಮಡಿಸಿದ.

ಲಲಿತಾಳದು ಒಂದೇ ಬೇಡಿಕೆಯಿತ್ತು. ಗಾಡಿಯನ್ನು ನೆಲದ ಮೇಲೆ ಮಲಗಿಸಿ ಅಂದಳು. ಗಂಡಸರು ಮುಖ ಮುಖ ನೋಡಿಕೊಂಡರು. ಮಲಗಿಸಿದರು. ಯಾರೂ ಕೈ ಹಚ್ಚಬೇಡಿ ಅಂದಳು. ಅಂಜಲಿ ಹ್ಯಾಂಡಲ್ ಹಿಡಿದು, ಮೊಣಕಾಲು ಬಗ್ಗಿಸಿ, ಒಂದು ಸಲ ತಪ್ಪಿ, ಎರಡನೇ ಸಲಕ್ಕೆ ಎತ್ತಿ ನಿಲ್ಲಿಸಿದಳು. ಮುಖ ಕೆಂಪಗಾಗಿತ್ತು. ತಾನಾಗಿಯೇ ಮತ್ತೆ ಮಲಗಿಸಿ, ಇನ್ನೊಮ್ಮೆ ಎತ್ತಿ ತೋರಿಸಿದಳು.

ಚಹಾ ಕುಡಿಯುವಾಗ ಶಾಹಜಾದಬಿ ಲಲಿತಾಳನ್ನು ಪಕ್ಕಕ್ಕೆ ಕೂಡಿಸಿಕೊಂಡಳು. ಮಗಳ ರೇಸು ನೋಡಲು ಹೋಗುತ್ತೀರೇನು ಎಂದಳು. ಇಲ್ಲ, ಧೈರ್ಯ ಬರುವುದಿಲ್ಲ ಎಂದಳು ಲಲಿತಾ.

"ಮೊದಲ ನಾನೂ ಹೋಗ್ತಿರಲಿಲ್ರಿ," ಅಂದಳು ಶಾಹಜಾದಬಿ. "ಮನ್ಯಾಗ ಕುಂತ್ರ ಅಕಿ ಹತ್ತು ಸಲ ಬೀಳ್ತಾಳ. ಅಲ್ಲಿ ಹೋಗಿ ನಿಂತ್ರ ಒಮ್ಮೆ ಬೀಳ್ತಾಳ, ಇಲ್ಲಾಂದ್ರ ಇಲ್ಲ."

ಉಳಿದ ವಾರಗಳು ಬೇಗ ಸರಿದವು. ಸಂಜೆಯ ಹೊತ್ತು ಮನೆಯ ಅಂಗಳ ಅಂಗಡಿಯಾಯಿತು. ಗೋವಿಂದರಾಜ ಆಯಿಲ್ ಇಳಿಸುವನು, ಅಂಜಲಿ ಏರ್ ಫಿಲ್ಟರ್ ತೊಳೆಯುವಳು, ಯಂಕವ್ವ ಸೀಟಿನ ಬಿಚ್ಚಿದ ಹೊಲಿಗೆಯನ್ನು ದಬ್ಬಳದಿಂದ ತಾನೇ ಹೊಲಿದಳು. ಬಟ್ಟೆಯ ಮೇಲೆ ಎಣ್ಣೆಯ ಕೈ ಒರೆಸಬೇಡಿ ಎಂದು ಲಲಿತಾ ದಿನಾ ಜಗಳಾಡುವಳು. ಅಂಜಲಿ ಮೂರು ರೊಟ್ಟಿ ತಿಂದು ಮತ್ತೆ ಬುಟ್ಟಿಗೆ ಕೈ ಹಾಕುವಳು. ಗಂಡಹೆಂಡಿರ ಮಾತು ಶುರುವಾದ ದಿನ ಯಾವುದೆಂದು ಯಾರಿಗೂ ನೆನಪಿರಲಿಲ್ಲ; ವಾಲ್ವಿನ ಸೆಟ್ಟಿಂಗಿಗೆ ಟಾರ್ಚು ಹಿಡಿ ಎಂದು ಅವನು ಕರೆದಿದ್ದ, ಅವಳು ಹಿಡಿದಿದ್ದಳು, ಅಷ್ಟೇ.

ಕೊಪ್ಪಳದ ರೇಸಿನ ದಿನ ಲಲಿತಾ ಡ್ಯೂಟಿ ಹಾಕಿಸಿಕೊಳ್ಳಲಿಲ್ಲ. ಊರ ಹೊರಗಿನ ಬಯಲಲ್ಲಿ ಹಗ್ಗ ಕಟ್ಟಿದ್ದರು, ಟ್ಯಾಂಕರಿನಿಂದ ನೀರು ಹೊಡೆದಿದ್ದರು. ಯಂಕವ್ವ ಬುತ್ತಿಗಂಟು ಹಿಡಿದು ಬಂದು, ಹಗ್ಗದ ಹತ್ತಿರದ ಜಾಗವನ್ನು ಯಾರಿಗೂ ಬಿಟ್ಟುಕೊಡದೆ ಕೂತಳು. ಸಾಲಾಗಿ ನಿಂತ ಗಾಡಿಗಳಲ್ಲಿ ಅಂಜಲಿಯದೇ ಗಿಡ್ಡ. ಗೋವಿಂದರಾಜ ಹಗ್ಗದಾಚೆಗೆ ಬಗ್ಗಿ ಅದರ ಎಂಜಿನ್ನಿನ ಸಪ್ಪಳಕ್ಕೆ ಕಿವಿಗೊಟ್ಟ.

ಬಾವುಟ ಬಿತ್ತು. ನೇರ ಹಾದಿಯಲ್ಲಿ ದೊಡ್ಡ ಗಾಡಿಗಳು ಒಂದೊಂದಾಗಿ ಅವಳನ್ನು ಹಿಂದೆ ಹಾಕಿದವು. ಆ ಹಾದಿ ಮುಗಿಯುವಾಗ ಎಲ್ಲರಿಗಿಂತ ಹಿಂದಿದ್ದಳು. ಆಮೇಲೆ ತಿರುವುಗಳು ಬಂದವು. ದೊಡ್ಡ ಗಾಡಿಯವರು ಅಗಲವಾಗಿ ಹೊರಳುವಲ್ಲಿ ಅವಳು ಒಳಗಿನಿಂದ ನುಸುಳಿದಳು. ಪ್ರತಿ ಸುತ್ತಿಗೂ ಒಬ್ಬರನ್ನೋ ಇಬ್ಬರನ್ನೋ ದಾಟುವಳು, ನೇರ ಹಾದಿಯಲ್ಲಿ ಒಬ್ಬರಿಗೆ ಬಿಟ್ಟುಕೊಡುವಳು, ಮುಂದಿನ ತಿರುವಿನಲ್ಲಿ ಮತ್ತೆ ಹಿಡಿಯುವಳು. ಲಲಿತಾ ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಕಣ್ಣು ಮುಚ್ಚಲಿಲ್ಲ, ಮಗಳ ಬೂಟಿನ ಕಡೆ ನೋಡಲೂ ಇಲ್ಲ. ಮುಖವನ್ನೇ ಹುಡುಕಿದಳು. ಹೆಲ್ಮೆಟ್ಟಿನ ತಲೆ ಮೇಲೆದ್ದು ಮುಂದಿನ ದಿಬ್ಬದ ಕಡೆಗಿತ್ತು.

ಕೊನೆಗೆ ನಾಲ್ಕನೆಯವಳಾಗಿ ಬಂದಳು. ಕಪ್ಪು ಮೊದಲ ಮೂವರಿಗೆ ಮಾತ್ರ. ಗೋವಿಂದರಾಜ, ಈ ಗಾಡಿಯ ಮೇಲೆ ನಾಲ್ಕನೆಯದು ಅಂದರೆ ಸಣ್ಣದಲ್ಲ ಎಂದು ಪಕ್ಕದವನಿಗೆ ಲೆಕ್ಕ ಒಪ್ಪಿಸತೊಡಗಿದ.

ಅಷ್ಟರಲ್ಲಿ ಗದ್ದಲವಾಯಿತು. ಎಲ್ಲರೂ ಗಾಡಿ ನಿಧಾನ ಮಾಡಿ ಹೊರಗೆ ಹೋಗುತ್ತಿದ್ದರೆ, ಅಂಜಲಿ ನಿಲ್ಲಿಸದೆ ಮತ್ತೆ ಮೊದಲ ದಿಬ್ಬಕ್ಕೆ ಹೊರಟುಬಿಟ್ಟಿದ್ದಳು. ಬಾವುಟದವನು ಕೈ ಬೀಸಿ ಕೂಗಿದ. ಮುಂದಿನ ರೇಸಿನ ಗಂಡಸರು ಗೇಟಿನಲ್ಲಿ ಕಾಯುತ್ತಿದ್ದರು. ಮೈಕಿನಲ್ಲಿ ಅವಳ ಹೆಸರು ಹೇಳಿ, ಮುಗಿದಿದೆ, ಹೊರಗೆ ಬರಬೇಕು ಎಂದು ಕರೆದರು. ಗೋವಿಂದರಾಜ ಹಗ್ಗದ ಕೆಳಗೆ ನುಸುಳಿ ಓಡಲು ಬಗ್ಗಿದ. ಲಲಿತಾ ಅವನ ಅಂಗಿಯ ತೋಳು ಹಿಡಿದು ನಿಲ್ಲಿಸಿದಳು. ಅವಳು ನಗುತ್ತಿದ್ದಳು, ಕಣ್ಣು ಮಾತ್ರ ದಿಬ್ಬದ ಮೇಲಿತ್ತು.

"ಬಿಡ್ರಿ," ಅಂದಳು. "ಇನ್ನೊಂದು ಸುತ್ತು ಹೊಡೀಲಿ."